ಹೊಟ್ಟೆ ಕೊಯ್ದ ಮೇಲಿನ ದಿನಗಳು

1889ರ ಕೊನೆಯ ತಿಂಗಳುಗಳಲ್ಲಿ ಹೈದರಾಬಾದಿನಲ್ಲಿ ವೈದ್ಯರೊಬ್ಬರು ಹಠ ಹಿಡಿದಿದ್ದರು. ಹೆಸರು ಎಡ್ವರ್ಡ್ ಲಾರಿ; ರೆಸಿಡೆನ್ಸಿಯ ಸರ್ಜನ್, ಅಲ್ಲಿನ ಮೆಡಿಕಲ್ ಸ್ಕೂಲಿನ ಮುಖ್ಯಸ್ಥ. ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯುವುದು ಉಸಿರು ನಿಂತು, ಹೃದಯ ನಿಂತಲ್ಲ. ಹಾಗಾಗಿ ನಾಡಿ ಹಿಡಿದು ಕೂರುವುದನ್ನು ಬಿಟ್ಟು ಉಸಿರಿನ ಮೇಲೆ ಕಣ್ಣಿಡಬೇಕು ಎಂಬುದು ಅವರ ವಾದ. ಹಿಂದಿನ ವರ್ಷ ಅವರು ನಡೆಸಿದ್ದ ಮೊದಲ ಆಯೋಗದ ಫಲಿತಾಂಶವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಿರಲಿಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಖರ್ಚು ವಹಿಸಿಕೊಂಡು, ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಎಂಬ ತಜ್ಞರನ್ನು ಕರೆಸಿದರು. ನಾಯಿ, ಕೋತಿ ಮೊದಲಾದ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಕ್ಲೋರೋಫಾರ್ಮ್ ಕೊಡುವುದರಲ್ಲಿ ಕೈ ಪಳಗಿದ್ದ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳೆಯೂ ಆ ಕೆಲಸದಲ್ಲಿ ಭಾಗಿಯಾಗಿದ್ದರು. ಆಯೋಗ ಲಾರಿಯವರ ಮಾತಿಗೇ ಮುದ್ರೆ ಒತ್ತಿತು. ಅರೆಬರೆ ಅಮಲಿನಲ್ಲಿ ಹೃದಯವೇ ತಾಳ ತಪ್ಪಿ ನಿಂತುಬಿಡಬಹುದೆಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದ ಮೇಲೆಯೇ ಲಾರಿ ಹೇಳಿದ್ದು ಅರ್ಧ ಸತ್ಯವೆಂದು ಜಗತ್ತಿಗೆ ತಿಳಿದದ್ದು.

ಆ ರಾಜಧಾನಿಯಿಂದ ದೂರದ ಒಂದು ಹಳ್ಳಿಯನ್ನು ನೋಡಿ: ಜೇವರ್ಗಿ ತಾಲ್ಲೂಕಿನ ನೆಲೋಗಿ ಆಗ ಅದೇ ನಿಜಾಮರ ಸೀಮೆಯ ಊರು. ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯ ಉಳಿದ ಹಳ್ಳಿಗಳಂತೆ ಅದೂ 1948ರ ಸೆಪ್ಟೆಂಬರಿನವರೆಗೆ ನಿಜಾಮಶಾಹಿಯ ಕೆಳಗಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ರಾಜಧಾನಿಯಲ್ಲಿ ಮತ್ತು ಬರಿಸುವ ವಿದ್ಯೆಯ ಬಗ್ಗೆ ಲೋಕವೇ ಕಿವಿಗೊಟ್ಟು ಕೇಳುವ ಚರ್ಚೆ ನಡೆದಿದ್ದಾಗ ಭೀಮಾ ತೀರದ ರೈತನಿಗೆ ಹೊಟ್ಟೆ ಕೊಯ್ಯಿಸಿಕೊಳ್ಳುವುದು ಕನಸಿನ ಮಾತೂ ಆಗಿರಲಿಲ್ಲ. ಆ ದೂರದ ಕಥೆ ಗೊತ್ತಿದ್ದದ್ದೇ. ಅದಕ್ಕಿಂತ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಕ್ಲೋರೋಫಾರ್ಮಿಗೆ ಎರಡು ಆಯೋಗ ಕೂತವು. ಮತ್ತಿಳಿದ ಮೇಲೆ ರೋಗಿ ಎಷ್ಟು ದಿನ ಉಪವಾಸ ಇರಬೇಕು, ಎಷ್ಟು ದಿನ ಮಲಗಬೇಕು, ಯಾವಾಗ ಏಳಬೇಕು ಎಂಬ ಪ್ರಶ್ನೆಗಳಿಗೆ ಎಲ್ಲಿಯೂ ಆಯೋಗ ಕೂರಲಿಲ್ಲ. ಅವುಗಳನ್ನು ರೂಢಿಯ ಕೈಗೆ ಬಿಡಲಾಯಿತು. ಶಸ್ತ್ರಚಿಕಿತ್ಸೆಯ ಮಿಕ್ಕೆಲ್ಲ ಭಾಗಗಳು ನೂರು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾದರೂ ಈ ಭಾಗ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಹೊಟ್ಟೆಯ ದೊಡ್ಡ ಆಪರೇಷನ್ನುಗಳಲ್ಲಿ, ಅದರಲ್ಲೂ ಪಿತ್ತಕೋಶದ ಕ್ಯಾನ್ಸರಿನಂಥ ಕಠಿಣ ಕಾಯಿಲೆಯಲ್ಲಿ, ರೋಗಿಯನ್ನು ಬೇಗ ಚೇತರಿಸುವ ಕ್ರಮಬದ್ಧ ಪದ್ಧತಿ ಹುಟ್ಟಿಕೊಂಡದ್ದು ತೀರ ಈಚೆಗೆ.

ರೂಢಿ ಎಂದ ಮಾತ್ರಕ್ಕೆ ಅದೆಲ್ಲ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಗಾಯಗೊಂಡವನ ಆರೈಕೆಗೆ ಒಂದು ಅಧ್ಯಾಯವೇ ಮೀಸಲಿದೆ. ರೋಗಿಯ ಮನೆ ಹೇಗಿರಬೇಕು, ಹಾಸಿಗೆ ಹೇಗೆ ಹಾಸಬೇಕು, ಹಗಲು ನಿದ್ದೆ ಯಾಕೆ ಕೂಡದು, ಪ್ರಿಯರಾದವರು ಹತ್ತಿರ ಕೂತು ಕಥೆ ಹೇಳುತ್ತ ನೋವು ಮರೆಸಬೇಕು ಎಂಬಷ್ಟು ವಿವರ ಅಲ್ಲಿದೆ. ಏಳುವಾಗ, ಹೊರಳುವಾಗ, ನಡೆಯುವಾಗ ಗಾಯ ಜೋಪಾನ ಎಂಬ ಎಚ್ಚರಿಕೆಯೂ ಇದೆ. ಹಳೆಯ ಅಕ್ಕಿಯ ಹಗುರವಾದ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕೊಡಬೇಕು. ಹೊಸ ಧಾನ್ಯ, ಉದ್ದು, ಎಳ್ಳು, ಹುರುಳಿ ಬೇಡ. ಇನ್ನೂ ಅಚ್ಚರಿಯೆಂದರೆ, ಶಸ್ತ್ರ ಹಾಕುವ ಮುನ್ನ ರೋಗಿಗೆ ಉಣ್ಣಲು ಕೊಡಬೇಕೆಂದು ಸುಶ್ರುತ ಹೇಳುತ್ತಾನೆ. ಮೂಢಗರ್ಭ, ಮೂಲವ್ಯಾಧಿ, ಮೂತ್ರಕೋಶದ ಕಲ್ಲು, ಭಗಂದರ, ಬಾಯಿಯ ರೋಗ ಇಂಥ ಕೆಲವಕ್ಕೆ ಮಾತ್ರ ಬರಿಹೊಟ್ಟೆ ಇರಬೇಕೆಂದು ಬೇರೆ ಮಾಡಿ ತೋರಿಸುತ್ತಾನೆ. ಎಲ್ಲರಿಗೂ ಒಂದೇ ಅಳತೆ ಹಾಕದೆ, ಯಾವ ರೋಗಕ್ಕೆ ಯಾವ ಕ್ರಮ ಎಂದು ವಿಂಗಡಿಸಿದ ಆ ಬುದ್ಧಿ ದೊಡ್ಡದು.

ಆರೈಕೆಯಲ್ಲಿ ಊಟಕ್ಕೂ ಜಾಗ ಕೊಟ್ಟ ಇನ್ನೊಂದು ಉದಾಹರಣೆ ಕಲ್ಯಾಣ ಕರ್ನಾಟಕದ್ದೇ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಶಾಹ (1436–58) ಬೀದರಿನಲ್ಲಿ ಕಟ್ಟಿಸಿದ ದವಾಖಾನೆಯ ಬಗ್ಗೆ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹಿಂದೂ ವೈದ್ಯರೂ ಮುಸ್ಲಿಂ ಹಕೀಮರೂ ಅಲ್ಲಿ ಜೊತೆಗೇ ಇದ್ದರು. ರೋಗಿಗಳ ಔಷಧ ಹಾಗೂ ಅನ್ನಪಾನದ ಖರ್ಚಿಗೆಂದು ಹಳ್ಳಿಗಳ ಉತ್ಪನ್ನವನ್ನೇ ಬಿಟ್ಟುಕೊಡಲಾಗಿತ್ತು.

ಹಳ್ಳಿಮನೆಗಳಲ್ಲಿ ಉಳಿದು ಬಂದದ್ದು ಪಥ್ಯ. ಬಾಣಂತಿಗೆ ಇದ್ದ ಪಥ್ಯವೇ ಹೊಟ್ಟೆ ಕೊಯ್ಯಿಸಿಕೊಂಡವರಿಗೂ ಬಂತು. ಕಲಬುರಗಿ ಸೀಮೆಯಲ್ಲಿ ಇವತ್ತಿಗೂ ಹೊಲಿಗೆ ಹಾಕಿಸಿಕೊಂಡು ಬಂದವರಿಗೆ ಬದನೆಕಾಯಿ ಕೊಡುವುದಿಲ್ಲ, ನಂಜು ಆಗುತ್ತದೆ ಎನ್ನುತ್ತಾರೆ. ಅನೇಕ ಮನೆಗಳಲ್ಲಿ ತೊಗರಿಬೇಳೆಯೂ ಬಂದ್, ತತ್ತಿಯೂ ಬಂದ್. “ಹೊಟ್ಟಿ ಕೊಯ್ದಾರ, ಏನೂ ತಿನ್ನಸಬ್ಯಾಡ್ರಿ” ಎಂದು ನೋಡಲು ಬಂದ ನೆಂಟರು ಹೇಳಿ ಹೋಗುತ್ತಾರೆ. ಪ್ರೀತಿಯಿಂದ ಹೇಳುವ ಮಾತದು, ಸಂಶಯವಿಲ್ಲ. ಆದರೆ ಗಾಯ ಕೂಡಿಕೊಳ್ಳಲು ಬೇಕಾದದ್ದೇ ಬೇಳೆ, ತತ್ತಿ, ಹಾಲುಗಳಲ್ಲಿರುವ ಪ್ರೋಟೀನು. ತೊಗರಿಯ ಕಣಜವೆಂದು ಹೆಸರಾದ, 2019ರಲ್ಲಿ ತನ್ನ ತೊಗರಿಗೆ ಭೌಗೋಳಿಕ ಗುರುತನ್ನೂ ಪಡೆದ ಜಿಲ್ಲೆಯಲ್ಲಿ ಆಪರೇಷನ್ ಆದ ರೋಗಿಯ ತಟ್ಟೆಯಿಂದ ಬೇಳೆಯನ್ನೇ ತೆಗೆದಿಡುವುದು ನೋಡಿದರೆ ಸಂಕಟವಾಗುತ್ತದೆ.

ಆಪರೇಷನ್ ಎಂದರೆ ಮಿರಜ್ ಎನ್ನುವ ಕಾಲವೊಂದಿತ್ತು. ಕೆನಡಾದಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್ಲೆಸ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ 1889ರಲ್ಲಿ ಈ ಕಡೆ ಬಂದರು, 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಜನ ಅಲ್ಲಿಗೆ ಹೋದರು. ಗುಲ್ಬರ್ಗಾ ಕಡೆಯವರು ಮದ್ರಾಸ್–ಮುಂಬಯಿ ಹಾದಿಯ ರೈಲು ಹಿಡಿದು ಸೊಲ್ಲಾಪುರ ದಾಟಿ ಕುರ್ಡುವಾಡಿಯಲ್ಲಿಳಿದರೆ, 1927ರಿಂದಾಚೆಗೆ ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಗಾಡಿಯಲ್ಲಿ ಪಂಢರಪುರದ ಮೇಲೆ ಹಾದು ಮಿರಜ್ ಮುಟ್ಟಬಹುದಿತ್ತು. ವಿಠೋಬನ ದರ್ಶನಕ್ಕೆ ಹೋಗುವವರೂ ಹೊಟ್ಟೆನೋವಿನವರೂ ಒಂದೇ ಗಾಡಿಯ ಪಯಣಿಗರು. ಅಂಥ ಮಿಷನ್ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಮಂದಿಯೂ ಬಂದಿಳಿಯುತ್ತಿದ್ದರು. ಅಂಗಳದಲ್ಲೇ ಒಲೆ ಹೂಡಿ ಬೇಯಿಸಿ ಹಾಕುತ್ತಿದ್ದರು. ವಾರಗಟ್ಟಲೆ ಅಲ್ಲೇ ಬಿಡಾರ. ಹೊಲಿಗೆ ಬಿಚ್ಚಿ, ಗಾಯ ಒಣಗಿ, ರೋಗಿ ಗಾಡಿ ಹತ್ತುವಷ್ಟು ಗಟ್ಟಿಯಾದ ಮೇಲೆಯೇ ಊರಿನ ದಾರಿ. ಅಷ್ಟು ದೂರ ಬಂದವರನ್ನು ಬೇಗ ಕಳಿಸಿದರೆ ಏನಾದರೂ ಹೆಚ್ಚುಕಡಿಮೆಯಾದಾಗ ನೋಡುವವರು ಯಾರು? ದೀರ್ಘಕಾಲ ಮಲಗಿಸುವ ರೂಢಿಗೆ ಈ ನೆಲದಲ್ಲಿ ಇಂಥ ಬಲವಾದ ಕಾರಣವೂ ಇತ್ತೆಂಬುದನ್ನು ಮರೆಯಬಾರದು.

ಪಿತ್ತಕೋಶವನ್ನೇ ತೆಗೆದುಹಾಕುವ ಮೊದಲ ಆಪರೇಷನ್ ನಡೆದದ್ದು 1882ರ ಜುಲೈ 15ರಂದು, ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯಲ್ಲಿ. ಮಾಡಿದವರು ಕಾರ್ಲ್ ಲಾಂಗೆನ್‌ಬುಖ್. ರೋಗಿ 43 ವರ್ಷದ ಗಂಡಸು. ಹದಿನಾರು ವರ್ಷ ಹರಳಿನ ನೋವುಂಡು, ಮಾರ್ಫಿನ್ ಚಟಕ್ಕೆ ಬಿದ್ದು, ಬಡಕಲಾಗಿ ಹೋಗಿದ್ದವ. ಅಲ್ಲಿಯವರೆಗೂ ವೈದ್ಯರು ಪಿತ್ತಕೋಶವನ್ನು ಸೀಳಿ ಹರಳು ತೆಗೆದು ಬಿಟ್ಟುಬಿಡುತ್ತಿದ್ದರು. ಹರಳು ಹುಟ್ಟುವ ಚೀಲವನ್ನೇ ತೆಗೆಯಬೇಕು ಎಂದದ್ದು ಲಾಂಗೆನ್‌ಬುಖ್. ಮರುದಿನ ರೋಗಿಗೆ ಜ್ವರವಿಲ್ಲ, ನೋವು ಅಷ್ಟಿಲ್ಲ, ಸಿಗಾರ್ ಸೇದುತ್ತಿದ್ದನಂತೆ. ಆದರೂ ಎದ್ದು ಓಡಾಡಿದ್ದು ಹನ್ನೆರಡನೆಯ ದಿನ, ಮನೆಗೆ ಹೋದದ್ದು ಇನ್ನೂ ಹಲವು ವಾರಗಳ ನಂತರ. ಸಿಗಾರ್ ಸೇದುವಷ್ಟು ಗಟ್ಟಿಯಿದ್ದವನನ್ನು ಹನ್ನೆರಡು ದಿನ ಮಲಗಿಸಿದ್ದೇಕೆ ಎಂದು ಆಗ ಯಾರೂ ಕೇಳಲಿಲ್ಲ.

ಕೇಳಿದವರು ಒಬ್ಬಿಬ್ಬರು ಬಂದರು. ಚಿಕಾಗೋದ ಎಮಿಲ್ ರೀಸ್ 1899ರಲ್ಲೇ ಆಪರೇಷನ್ ಆದ ಹೆಂಗಸರನ್ನು ಬೇಗ ಎಬ್ಬಿಸಿ ನಡೆಸಿದ ಅನುಭವ ಬರೆದರು; ಓದಿದವರು ಕಡಿಮೆ. ಡೆಟ್ರಾಯಿಟಿನ ಡೇನಿಯಲ್ ಲೈಟ್‌ಹೌಸರ್ 1938ರಿಂದ ಅದೇ ಹಾದಿ ಹಿಡಿದು 1946ರಲ್ಲಿ ಪುಸ್ತಕವನ್ನೇ ಹೊರತಂದರು. ಎರಡನೆಯ ಮಹಾಯುದ್ಧದಲ್ಲಿ ಹಾಸಿಗೆ ಸಾಲದೆ ಸೈನಿಕರನ್ನು ಬೇಗ ಎಬ್ಬಿಸಬೇಕಾಯಿತು. ಎಬ್ಬಿಸಿದವರು ಮಲಗಿದ್ದವರಿಗಿಂತ ಕೆಡಲಿಲ್ಲ. 1947ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಶರ್ ಹಾಸಿಗೆ ಹಿಡಿಯುವುದರ ಅಪಾಯಗಳ ಮೇಲೆಯೇ ಒಂದು ಲೇಖನ ಬರೆದು ವೈದ್ಯಲೋಕವನ್ನು ಕೆಣಕಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಪುಪ್ಪುಸದ ತಳದಲ್ಲಿ ಕಫ ಕೂರುವುದು, ಬೆನ್ನು ಹುಣ್ಣಾಗುವುದು, ಸ್ನಾಯು ಕರಗುವುದು, ಎಲ್ಲವೂ ಮಲಗಿದ್ದರ ಫಲ.

ಉಪವಾಸದ ಕಥೆ ಇನ್ನೂ ವಿಚಿತ್ರ. ಆಪರೇಷನ್ನಿಗೆ ಎರಡು ಗಂಟೆ ಮುಂಚೆ ಒಂದು ಕಪ್ ಚಹಾ ಕೊಟ್ಟರೆ ತಪ್ಪಿಲ್ಲ, ಗಟ್ಟಿ ಪದಾರ್ಥ ಮಾತ್ರ ಬೇಡ ಎಂದು ಜೋಸೆಫ್ ಲಿಸ್ಟರ್ 1883ರಲ್ಲೇ ಬರೆದಿದ್ದರು. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 44,016 ಹೆರಿಗೆಗಳ ದಾಖಲೆ ನೋಡಿ, ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಉಸಿರುನಾಳಕ್ಕೆ ಇಳಿದ 66 ಪ್ರಕರಣಗಳನ್ನು ಪಟ್ಟಿಮಾಡಿದರು. ಸತ್ತವರು ಇಬ್ಬರು, ಇಬ್ಬರ ಗಂಟಲಲ್ಲೂ ಸಿಕ್ಕಿಕೊಂಡದ್ದು ಗಟ್ಟಿ ಆಹಾರ. ಆದರೆ ಆಸ್ಪತ್ರೆಗಳು ಕಲಿತ ಪಾಠ ಬೇರೆ: ರಾತ್ರಿ ಹನ್ನೆರಡರ ಮೇಲೆ ಹನಿ ನೀರೂ ಬೇಡ. ಗಟ್ಟಿಗೂ ತೆಳ್ಳನೆಯದಕ್ಕೂ ಲಿಸ್ಟರ್ ಮಾಡಿದ್ದ ಭೇದ ಮಾಯವಾಯಿತು. ಕೆನಡಾದ ಕ್ಯಾಲ್ಗರಿಯಲ್ಲಿ ಮಾಲ್ಟ್‌ಬಿ ಮತ್ತವರ ಸಂಗಡಿಗರು 1986ರಲ್ಲಿ, ಎರಡು ಮೂರು ಗಂಟೆ ಮುಂಚೆ ನೀರು ಕುಡಿಸಿದರೂ ಹೊಟ್ಟೆ ತುಂಬಿರುವುದಿಲ್ಲವೆಂದು ಅಳೆದು ತೋರಿಸಿದರು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ನೀರು, ತಿಳಿಯಾದ ಪಾನಕಗಳನ್ನು ಎರಡು ಗಂಟೆ ಮುಂಚಿನವರೆಗೂ ಕೊಡಬಹುದೆಂದು ಒಪ್ಪಿತು. ಇಷ್ಟಾದರೂ ನಮ್ಮ ಎಷ್ಟೋ ವಾರ್ಡುಗಳಲ್ಲಿ ಹನ್ನೆರಡರ ಕಟ್ಟಳೆ ಇನ್ನೂ ಅಳಿದಿಲ್ಲ. ಬೆಳಗ್ಗೆ ಎಂಟಕ್ಕೆಂದ ಆಪರೇಷನ್ ಮಧ್ಯಾಹ್ನ ಮೂರಕ್ಕೆ ಹೋಗುತ್ತದೆ. ಬಿಸಿಲುಸೀಮೆಯ ಬೇಸಿಗೆಯಲ್ಲಿ ರೋಗಿ ಹದಿನೈದು ಗಂಟೆ ತುಟಿ ಒದ್ದೆ ಮಾಡದೆ ಕಾಯುತ್ತಾನೆ. ಇದು ತಪ್ಪು. ಇದರಿಂದ ರೋಗಿಗೆ ಆಗುವ ಲಾಭ ಯಾವುದೂ ಇಲ್ಲ.

ಬಿಡಿಬಿಡಿಯಾಗಿದ್ದ ಇವನ್ನೆಲ್ಲ ಒಂದು ಹಗ್ಗವಾಗಿ ಹೊಸೆದವರು ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್. ಚೆನ್ನಾಗಿ ಆಪರೇಷನ್ ಆದ ರೋಗಿ ಇನ್ನೂ ಯಾಕೆ ಹಾಸಿಗೆಯಲ್ಲಿದ್ದಾನೆ ಎಂಬುದೇ ಅವರ ಪ್ರಶ್ನೆ. ನೋವಿಗಾಗಿಯೇ? ವಾಂತಿಗಾಗಿಯೇ? ಕರುಳು ಇನ್ನೂ ಎಚ್ಚರವಾಗದ್ದಕ್ಕೇ? ಅಥವಾ ಮೂಗಿನ ನಳಿಕೆ, ಮೂತ್ರದ ಚೀಲ, ಸಲೈನ್ ಬಾಟಲಿಗಳು ಕಟ್ಟಿಹಾಕಿರುವುದಕ್ಕೇ? ಒಂದೊಂದಕ್ಕೂ ಮದ್ದು ಹುಡುಕಿ, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಮೈಗಾಗುವ ಆಘಾತವೇ ತಗ್ಗುತ್ತದೆಂದು ಅವರು ಕಂಡರು. ದೊಡ್ಡ ಕರುಳಿನ ಆಪರೇಷನ್ ಆದ ಕೆಲವೇ ಮುದುಕ ರೋಗಿಗಳು ಎರಡೇ ದಿನದಲ್ಲಿ ಮನೆಗೆ ಹೋದ ವರದಿ 1995ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದಾಗ ನಂಬಿದವರು ಕಡಿಮೆ. ಹೈದರಾಬಾದಿನ ಲಾರಿಯವರನ್ನು ನೂರು ವರ್ಷ ಹಿಂದೆ ಕಾಡಿಸಿದ್ದ ಅದೇ ಪತ್ರಿಕೆ ಅದು. 2001ರಲ್ಲಿ ಎಡಿನ್‌ಬರೋದ ಕೆನೆತ್ ಫಿಯರನ್, ಸ್ವೀಡನ್ನಿನ ಓಲೆ ಯೂಂಗ್‌ಕ್ವಿಸ್ಟ್ ಮೊದಲಾದವರು ಸೇರಿ ಒಂದು ಅಧ್ಯಯನ ಬಳಗ ಕಟ್ಟಿದರು. 2010ರಲ್ಲಿ ಅದು ‘ಇರಾಸ್’, ಅಂದರೆ ಆಪರೇಷನ್ ನಂತರ ಬೇಗ ಚೇತರಿಸುವ ಪದ್ಧತಿಯ, ಸೊಸೈಟಿ ಆಯಿತು. ಯಕೃತ್ತಿನ ಆಪರೇಷನ್ನುಗಳಿಗೆ 2016ರಲ್ಲಿ ಹೊರಟು 2022ರಲ್ಲಿ ಪರಿಷ್ಕಾರಗೊಂಡ ಅದರ ಶಿಫಾರಸುಗಳೇ ಪಿತ್ತಕೋಶದ ಕ್ಯಾನ್ಸರಿನ ದೊಡ್ಡ ಆಪರೇಷನ್ನಿಗೂ ದಾರಿ ತೋರಿಸುತ್ತವೆ.

ಆ ಕಾಯಿಲೆಯ ಬಗೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪಿತ್ತಕೋಶದ ಕ್ಯಾನ್ಸರನ್ನು ವಿಯೆನ್ನಾದ ಮ್ಯಾಕ್ಸಿಮಿಲಿಯನ್ ಸ್ಟಾಲ್ 1777ರಲ್ಲೇ ವಿವರಿಸಿದ್ದರು. ಲೋಕದಲ್ಲಿ ಅದು ಸಮನಾಗಿ ಹಂಚಿಕೊಂಡಿಲ್ಲ. ದಕ್ಷಿಣ ಅಮೆರಿಕದ ಚಿಲಿ, ಬೊಲಿವಿಯಾಗಳಲ್ಲಿ ಹೆಚ್ಚು. ಭಾರತದಲ್ಲಿ ಗಂಗಾ ಬಯಲಿನುದ್ದಕ್ಕೂ, ದಿಲ್ಲಿಯಲ್ಲಿ, ಅಸ್ಸಾಮಿನ ಕಾಮರೂಪದಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ದಕ್ಷಿಣಕ್ಕೆ ಬಂದಂತೆ ಇಳಿಯುತ್ತದೆ. ಹೀಗಾಗಿ ಕಲಬುರಗಿ ಕಡೆ ಇದು ಅಪರೂಪದ ಕಾಯಿಲೆ. ಅಪರೂಪವಾದದ್ದರಿಂದಲೇ ಒಂದು ಕಷ್ಟವೂ ಇದೆ: ಯಾರ ಮನಸ್ಸಿಗೂ ಅದು ಮೊದಲು ಹೊಳೆಯುವುದಿಲ್ಲ. ಊಟವಾದ ಮೇಲೆ ಬಲಪಕ್ಕೆಯ ನೋವು ಬಂದರೆ ಪಿತ್ತ ಹೆಚ್ಚಾಗಿದೆ ಎಂದುಕೊಂಡು ಜೀರಿಗೆ ಕಷಾಯ ಕುಡಿದು ವರ್ಷಗಟ್ಟಲೆ ದೂಡುತ್ತಾರೆ. ಕಣ್ಣು ಹಳದಿಯಾದರೆ ಕಾಮಾಲೆಯೆಂದು ಎಲೆಯ ಔಷಧಿಗೆ ಹೋಗುತ್ತಾರೆ. ಆ ಹಳದಿಯ ಹಿಂದೆ ಪಿತ್ತನಾಳವನ್ನು ಒತ್ತಿ ಹಿಡಿದ ಗಡ್ಡೆ ಇದ್ದರೆ ಕಳೆದುಹೋದ ಒಂದೊಂದು ವಾರವೂ ತುಟ್ಟಿ.

ಹರಳಿನ ಆಪರೇಷನ್ ಮಾತ್ರ ಅಪರೂಪದ್ದಲ್ಲ. ಜರ್ಮನಿಯ ಎರಿಕ್ ಮ್ಯೂಹ್ 1985ರಲ್ಲಿ ಉದರದರ್ಶಕ (ಲ್ಯಾಪರೊಸ್ಕೋಪ್) ನಳಿಕೆಯಿಂದ ಪಿತ್ತಕೋಶ ತೆಗೆದರು. ಭಾರತದಲ್ಲಿ ಆ ಕೆಲಸವನ್ನು ಮೊದಲು ಮಾಡಿದವರು ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ. ಇವತ್ತು ಜಿಲ್ಲಾ ಊರುಗಳಲ್ಲೆಲ್ಲ ಅದು ನಡೆಯುತ್ತದೆ. ಆಪರೇಷನ್ ಮುಗಿದ ಮೇಲೆ ಹೊರಗೆ ಕಾದು ನಿಂತ ಮನೆಯವರ ಕೈಗೆ ಚಿಕ್ಕ ಡಬ್ಬಿಯೊಂದು ಬರುತ್ತದೆ. ಒಳಗೆ ಹಳದಿಯೋ ಕಪ್ಪೋ ಹರಳುಗಳು, ಕೆಲವು ಸಾಸಿವೆಯಷ್ಟು, ಕೆಲವು ಕಡಲೆಯಷ್ಟು. ಅದನ್ನು ಅಲುಗಿಸಿ ಸದ್ದು ಕೇಳುತ್ತಾರೆ, ಊರಿಗೆ ಒಯ್ದು ಎಲ್ಲರಿಗೂ ತೋರಿಸುತ್ತಾರೆ. ಆ ಹರಳು ಇದ್ದ ಚೀಲ ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ಅದು ಫಾರ್ಮಲಿನ್ ಬಾಟಲಿಯಲ್ಲಿ ಲ್ಯಾಬಿಗೆ ಹೋಗಲೇಬೇಕು. ಹರಳಿಗೆಂದು ತೆಗೆದ ಚೀಲದಲ್ಲಿ ಕ್ಯಾನ್ಸರ್ ಅಡಗಿರುವುದು ಎಷ್ಟೋ ಸಲ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗಲೇ ಗೊತ್ತಾಗುತ್ತದೆ. ಕ್ಯಾನ್ಸರ್ ಒಳಪದರವನ್ನು ದಾಟದೇ ಇದ್ದರೆ ಆಗಿರುವ ಆಪರೇಷನ್ನೇ ಸಾಕು. ಸ್ನಾಯುವಿನ ಪದರಕ್ಕೆ ಇಳಿದಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕು.

ಎರಡನೆಯ ಆ ಆಪರೇಷನ್ ದೊಡ್ಡದು. ಗ್ಲೆನ್ ಮತ್ತು ಹೇಸ್ 1954ರಲ್ಲಿ ವಿವರಿಸಿದ ಹಾದಿಯಲ್ಲೇ ಅದು ಬೆಳೆದು ಬಂದಿದೆ. ಪಿತ್ತಕೋಶ ಅಂಟಿಕೊಂಡಿದ್ದ ಯಕೃತ್ತಿನ ಭಾಗವನ್ನು ಕತ್ತರಿಸಿ ತೆಗೆಯಬೇಕು, ಯಕೃತ್ತಿಗೆ ಹೋಗುವ ರಕ್ತನಾಳಗಳ ಸುತ್ತಲಿನ ದುಗ್ಧಗ್ರಂಥಿಗಳನ್ನೆಲ್ಲ ಬಿಡಿಸಬೇಕು, ಕೆಲವೊಮ್ಮೆ ಪಿತ್ತನಾಳವನ್ನೂ ತೆಗೆದು ಕರುಳನ್ನು ಎತ್ತಿ ಜೋಡಿಸಬೇಕು. ಇಂಥ ಆಪರೇಷನ್ ಆದವರನ್ನು ಮರುದಿನವೇ ಎಬ್ಬಿಸಿ ಉಣಿಸುವುದೆಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೂ ಅದನ್ನೇ ಮಾಡುತ್ತಾರೆ, ಎಚ್ಚರದಿಂದ ಮಾಡುತ್ತಾರೆ.

ಕೆಲಸ ಆಸ್ಪತ್ರೆ ಸೇರುವ ಮುಂಚೆಯೇ ಶುರುವಾಗುತ್ತದೆ. ಏನು ಆಗುತ್ತದೆ, ಯಾವಾಗ ಏಳಿಸುತ್ತಾರೆ, ಎಷ್ಟು ನೋವಿರುತ್ತದೆ ಎಂಬುದನ್ನು ರೋಗಿಗೂ ಜೊತೆಗಿರುವವರಿಗೂ ಕೂರಿಸಿ ಹೇಳುತ್ತಾರೆ. ಬೀಡಿ, ಗುಟಕಾ ಬಿಡಬೇಕು. ತಿಂಗಳು ಮುಂಚೆಯೇ ಬಿಟ್ಟರೆ ಪುಪ್ಪುಸಕ್ಕೂ ಗಾಯಕ್ಕೂ ಒಳ್ಳೆಯದು. ರಕ್ತ ಕಡಿಮೆಯಿದ್ದರೆ ಕಬ್ಬಿಣದ ಅಂಶ ಕೊಡಬೇಕು. ತೀರ ಸೊರಗಿದವರಿಗೆ ಎರಡು ವಾರ ಆಪರೇಷನ್ ಮುಂದೂಡಿಯಾದರೂ ಪುಷ್ಟಿಯ ಆಹಾರ ಕೊಡಬೇಕು. ಕಾಮಾಲೆ ಇದ್ದವರಲ್ಲಿ ಕೆಲವರಿಗೆ ಮೊದಲು ಪಿತ್ತ ಹರಿಸುವ ನಳಿಕೆ ಹಾಕಬೇಕಾಗುತ್ತದೆ. ಆಪರೇಷನ್ನಿನ ದಿನ ಎರಡು ಗಂಟೆ ಮುಂಚಿನವರೆಗೆ ತಿಳಿ ಪಾನೀಯ. ಆಪರೇಷನ್ ಕೋಣೆಯೊಳಗೆ ಮೈ ತಣ್ಣಗಾಗದಂತೆ ಬೆಚ್ಚಗೆ ಇಡುತ್ತಾರೆ. ಬಾಟಲಿ ಮೇಲೆ ಬಾಟಲಿ ಸಲೈನ್ ಸುರಿಯುವುದಿಲ್ಲ. ಯಕೃತ್ತನ್ನು ಕತ್ತರಿಸುವಾಗ ರಕ್ತನಾಳದ ಒತ್ತಡ ತಗ್ಗಿದ್ದರೆ ರಕ್ತ ಕಡಿಮೆ ಹೋಗುತ್ತದೆ. ಮೂಗಿನ ನಳಿಕೆಯನ್ನು ಎಲ್ಲರಿಗೂ ಬಿಟ್ಟುಕೊಂಡು ಕೂರುವುದಿಲ್ಲ. ನೋವಿಗೆ ಬರೀ ಮಾರ್ಫಿನನ್ನು ನೆಚ್ಚದೆ ಎರಡು ಮೂರು ಬಗೆಯ ಔಷಧಿ ಬೆರೆಸುತ್ತಾರೆ, ಯಾಕೆಂದರೆ ಮಾರ್ಫಿನ್ ಹೆಚ್ಚಾದರೆ ಕರುಳು ಮಂಕಾಗುತ್ತದೆ.

ಮರುದಿನ ಬೆಳಗ್ಗೆ ವಾರ್ಡಿನಲ್ಲಿ ಕಾಣುವ ನೋಟವೇ ಬೇರೆ. ಮಂಚದ ತಲೆಯ ಭಾಗ ಎತ್ತಿದೆ. ರೋಗಿಯ ಕೈಯಲ್ಲಿ ಮೂರು ಗೂಡಿನ ಪ್ಲಾಸ್ಟಿಕ್ ಉಪಕರಣ, ಒಂದೊಂದು ಗೂಡಿನಲ್ಲಿ ಒಂದೊಂದು ಬಣ್ಣದ ಚೆಂಡು. ನಳಿಕೆ ಬಾಯಿಗಿಟ್ಟು ಉಸಿರೆಳೆದರೆ ಮೊದಲ ಚೆಂಡು ಮೇಲೇಳುತ್ತದೆ, ಎರಡನೆಯದು ನಡುಗುತ್ತದೆ, ಮೂರನೆಯದು ಅಲುಗುವುದಿಲ್ಲ. ಬಲಪಕ್ಕೆಯಲ್ಲಿ ಚುಚ್ಚಿದಂತಾಗಿ ರೋಗಿ ನಿಲ್ಲಿಸುತ್ತಾಳೆ. “ಯವ್ವಾ, ಗಾಯದ ಮ್ಯಾಲ ದಿಂಬ ಒತ್ತಿ ಹಿಡ್ಕೊಳ್ರಿ, ಈಗ ಕೆಮ್ಮ್ರಿ” ಎನ್ನುತ್ತಾಳೆ ಸಿಸ್ಟರ್. ಕೆಮ್ಮಿದರೆ ಕಫ ಬರುತ್ತದೆ, ಕಫ ಬಂದರೆ ನ್ಯುಮೋನಿಯಾ ದೂರ. ಆಮೇಲೆ ಕಾಲು ಇಳಿಬಿಟ್ಟು ಕೂರುವುದು, ನಿಲ್ಲುವುದು, ಸಂಜೆಗೆ ಬಾಗಿಲವರೆಗೆ ನಾಲ್ಕು ಹೆಜ್ಜೆ. ಕುಡಿಯಲು ಮೊದಲು ನೀರು, ಸರಿಹೋದರೆ ತೆಳ್ಳನೆಯ ಗಂಜಿ. ಮರುದಿನ ಮೆತ್ತನೆಯ ಅನ್ನ, ಬೇಳೆಕಟ್ಟು. ನೋಡಲು ಬಂದ ಹಿರಿಯರು ಇದನ್ನು ಕಂಡು ಬೆಚ್ಚುತ್ತಾರೆ. ಅವರಿಗೆ ತಿಳಿಹೇಳುವುದೂ ಚಿಕಿತ್ಸೆಯ ಒಂದು ಭಾಗವೇ.

ನೆಲೋಗಿಯ ಸುತ್ತಲಿನವರಿಗೆ ಇಂಥ ಆಸ್ಪತ್ರೆ ಎಷ್ಟು ಹತ್ತಿರ ಬಂದಿದೆ? ಮಹಾದೇವಪ್ಪ ರಾಂಪುರೆಯವರ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಹುಟ್ಟಿತು, ಅವರ ಹೆಸರಿನ ವೈದ್ಯಕೀಯ ಕಾಲೇಜು 1963ರಲ್ಲಿ ಗುಲ್ಬರ್ಗಾದಲ್ಲಿ ಶುರುವಾಯಿತು. ಈ ಭಾಗದ ಸಾವಿರಾರು ಜನ ಸೊಲ್ಲಾಪುರ, ಮಿರಜ್, ಹೈದರಾಬಾದ್‌ಗಳಿಗೆ ಅಲೆಯುವುದನ್ನು ಆ ಕಾಲೇಜಿನ ಬಸವೇಶ್ವರ ಆಸ್ಪತ್ರೆ ತಪ್ಪಿಸಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದರ ಶಾಖಾ ಕೇಂದ್ರ ಈಗ ಕಲಬುರಗಿಯಲ್ಲಿದೆ. ಆಳಂದ, ಅಫಜಲಪುರದವರಿಗೆ ಗಡಿಯಾಚೆಯ ಸೊಲ್ಲಾಪುರ ಮೊದಲಿನಿಂದಲೂ ಬಳಕೆಯ ಊರು. ಅದೇ ಜಿಲ್ಲೆಯ ಬಾರ್ಶಿಯಲ್ಲಿ 1982ರಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಶುರುವಾಯಿತು. ಭಾರತದ ಹಳ್ಳಿಗಾಡಿನ ಮೊದಲ ಕ್ಯಾನ್ಸರ್ ನೋಂದಣಿ ಆರಂಭವಾದದ್ದೂ ಅಲ್ಲೇ, 1987ರಲ್ಲಿ.    ಸರ್ಕಾರಿ ವೈದ್ಯಕೀಯ ಕಾಲೇಜು ‘ಜಿಮ್ಸ್’ ಕಲಬುರಗಿಗೆ 2013ರಲ್ಲಿ ಬಂತು.

ಕಟ್ಟಡ ಬಂದರೆ ಸಾಲದು, ದುಡ್ಡಿನ ದಾರಿಯೂ ಬೇಕು. 2010ರ ಆರಂಭದಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ರಾಜ್ಯ ಸರ್ಕಾರ ಮೊದಲು ಜಾರಿಗೆ ತಂದದ್ದು ಗುಲ್ಬರ್ಗಾ ವಿಭಾಗದಲ್ಲೇ. ಬಡತನ ರೇಖೆಗಿಂತ ಕೆಳಗಿನವರಿಗೆ ಕ್ಯಾನ್ಸರ್, ಹೃದ್ರೋಗದಂಥ ಕಾಯಿಲೆಗಳ ದೊಡ್ಡ ಚಿಕಿತ್ಸೆ ಉಚಿತವಾಯಿತು. ಊರೂರಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಯೋಜನೆ ಬಂದ 300 ಹಳ್ಳಿಗಳನ್ನೂ ಯೋಜನೆಯ ಗಡಿಯಾಚೆ, ಅದು ಇನ್ನೂ ಬಾರದಿದ್ದ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂತು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಬಡವರ ಮನೆಗಳಲ್ಲಿ ಆದ ಸಾವು, ಯೋಜನೆ ಇಲ್ಲದ ಕಡೆ ಶೇಕಡ 0.90 ಇದ್ದರೆ ಇದ್ದ ಕಡೆ 0.32. ಇಷ್ಟು ಸ್ಪಷ್ಟವಾದ ವ್ಯತ್ಯಾಸ ಸರ್ಕಾರಿ ಯೋಜನೆಗಳಲ್ಲಿ ಸಿಗುವುದು ಅಪರೂಪ. 2018ರಲ್ಲಿ ಅದರ ಜಾಗಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಬಂತು.

ಇನ್ನು ಉಳಿದಿರುವುದು ಮಿರಜಿನ ಕಾಲದ ಆ ಹಳೆಯ ಪ್ರಶ್ನೆಯೇ: ದೂರದ ಊರಿಗೆ ಹೋದ ಮೇಲೆ ನೋಡುವವರು ಯಾರು? ಕೋಪನ್‌ಹೇಗನ್ನಿನಲ್ಲಿ ನಾಲ್ಕನೆಯ ದಿನ ಮನೆಗೆ ಹೋದವರಿಗೆ ಜ್ವರ ಬಂದರೆ ಫೋನಿಗೆ ನರ್ಸ್ ಸಿಗುತ್ತಾಳೆ, ಅರ್ಧ ಗಂಟೆಯಲ್ಲಿ ಆಸ್ಪತ್ರೆ. ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ.; ನೆಲೋಗಿ ಅದಕ್ಕೂ ಆಚೆ. ಯಕೃತ್ತಿನ ಕತ್ತರಿಸಿದ ಅಂಚಿನಿಂದ ಪಿತ್ತ ಸೋರುವುದು ಕೆಲವೊಮ್ಮೆ ಮನೆಗೆ ಹೋದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಹೊಟ್ಟೆ ಉಬ್ಬರ, ಚಳಿಜ್ವರ, ಮತ್ತೆ ಹಳದಿಯಾದ ಕಣ್ಣು ಅದರ ಲಕ್ಷಣ. ರಾತ್ರಿ ಹತ್ತಕ್ಕೆ ಹೀಗಾದರೆ ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ಆದ್ದರಿಂದ ಬೇಗ ಚೇತರಿಸುವುದನ್ನೂ ಬೇಗ ಮನೆಗೆ ಕಳಿಸುವುದನ್ನೂ ಒಂದೇ ಎಂದು ತಿಳಿಯಬಾರದು. ಬೇಗ ಎಬ್ಬಿಸಿ, ಬೇಗ ಉಣಿಸಿ, ನೋವು ತಗ್ಗಿಸುವುದು ಎಲ್ಲಿಯಾದರೂ ಸರಿ. ಡಿಸ್ಚಾರ್ಜ್ ದಿನವನ್ನು ಮಾತ್ರ ಊರಿನ ದೂರ ನೋಡಿಯೇ ನಿರ್ಧರಿಸಬೇಕು. ಆಸ್ಪತ್ರೆಯ ಹತ್ತಿರ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ವಾರ ಇದ್ದು ಹೋಗಲು ಹೇಳುವುದು ಹಿಂದುಳಿದ ಪದ್ಧತಿಯಲ್ಲ, ವಿವೇಕ. ಹಳ್ಳಿಯ ಆಶಾ ಕಾರ್ಯಕರ್ತೆಯ ಕೈಗೂ ಆ ಲಕ್ಷಣಗಳ ಪಟ್ಟಿ ಕನ್ನಡದಲ್ಲಿ ಸಿಗಬೇಕು.

ಚೇತರಿಕೆಗೆ ಇಷ್ಟು ಒತ್ತು ಯಾಕೆಂದರೆ ಪಿತ್ತಕೋಶದ ಕ್ಯಾನ್ಸರ್ ಆಪರೇಷನ್ನಿನೊಂದಿಗೆ ಮುಗಿಯುವ ಕಾಯಿಲೆಯಲ್ಲ. ಬ್ರಿಟನ್ನಿನಲ್ಲಿ 447 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಬಿಲ್‌ಕ್ಯಾಪ್’ ಅಧ್ಯಯನದ ನಂತರ, ಆಪರೇಷನ್ ಆದವರಿಗೆ ಕೆಪೆಸಿಟಬಿನ್ ಎಂಬ ಕ್ಯಾನ್ಸರ್ ಮಾತ್ರೆ ಕೊಡುವ ಪದ್ಧತಿ ನೆಲೆಯಾಗಿದೆ. ದಿನಕ್ಕೆ ಎರಡು ಹೊತ್ತು, ಹದಿನಾಲ್ಕು ದಿನ, ಆಮೇಲೆ ಒಂದು ವಾರ ಬಿಡುವು; ಹೀಗೆ ಎಂಟು ಸುತ್ತು. ಆಪರೇಷನ್ ಆದ ಕೆಲವು ತಿಂಗಳೊಳಗೆ ಇದು ಶುರುವಾಗಬೇಕು. ಗಾಯ ಮಾಯದೆ, ಊಟ ಸೇರದೆ, ನಡೆಯಲಾಗದೆ ಮಲಗಿದವರಿಗೆ ಅದನ್ನು ಕೊಡುವಂತಿಲ್ಲ. ಮಾತ್ರೆಯಾದ್ದರಿಂದ ಮನೆಯಲ್ಲೇ ನುಂಗಬಹುದು. ಆದರೆ ಸುತ್ತು ಸುತ್ತಿಗೂ ರಕ್ತ ಪರೀಕ್ಷೆ ಆಗಬೇಕು, ಅಂಗೈ ಅಂಗಾಲು ಕೆಂಪಾಗಿ ಸುಲಿದರೆ ಅಥವಾ ಭೇದಿ ಹಿಡಿದರೆ ಪ್ರಮಾಣ ತಗ್ಗಿಸಬೇಕು. ಆ ರಕ್ತ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಿ, ಫಲಿತಾಂಶ ಕಲಬುರಗಿಯ ವೈದ್ಯರಿಗೆ ಅದೇ ದಿನ ತಲುಪಿದರೆ ರೋಗಿಗೆ ಎಂಟು ಸಲದ ಪ್ರಯಾಣ ಉಳಿಯುತ್ತದೆ.